ಎಂಟು ಹಲ್ಲಿನ ಲೆಕ್ಕ: ಜಗಳೂರಿನ ಬೋರ್ ನೀರಿನಿಂದ ವೆನೀರ್ ಬಿಲ್‌ವರೆಗೆ

(1/9)
ಫೋಟೋದಲ್ಲಿರೋದು ಜಗಳೂರು ಕಡೆಯ ಒಂದು ಹಳ್ಳಿಯ ಕೈಪಂಪು. ಹಿಡಿಕೆ ಕಿತ್ತುಹೋಗಿ ಎಷ್ಟೋ ವರ್ಷ ಆಯ್ತು. ಅದರ ಕಟ್ಟೆ ಮೇಲೆ ಈಗ ಹುಣಸೆಹಣ್ಣು ಒಣಗಿಸ್ತಾರೆ. ಈ ಪಂಪಿಗೂ ಹಲ್ಲಿನ ಡಾಕ್ಟರ ಬಿಲ್ಲಿಗೂ ಏನು ಸಂಬಂಧ ಅಂತೀರಾ? ಅದನ್ನ ಹೇಳೋಕೇ ಈ ಸರಣಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊನ್ನೆ ಒಬ್ಬ ತಂಗಿ ಇನ್‌ಬಾಕ್ಸಿಗೆ ಬರೆದಿದ್ದಳು: "ಅಣ್ಣಾ, ನಂಗೆ ಮದ್ವೆ ಗೊತ್ತಾಗಿದೆ. ಮುಂದಿನ ಹಲ್ಲು ಹುಟ್ಟಿದಾಗಿಂದ ಕಂದುಬಣ್ಣ. ಡಾಕ್ಟ್ರು ವೆನೀರ್ ಹಾಕಬಹುದು, ಒಂದು ಹಲ್ಲಿಗೆ ಇಷ್ಟು ಅಂದ್ರು. ಎರಡು ಹಲ್ಲಿಗೆ ಆಗೋಷ್ಟು ದುಡ್ಡು ಹೊಂದಿಸಿಕೊಂಡು ಹೋದೆ. ಕುರ್ಚಿ ಮೇಲೆ ಕೂತ ಮೇಲೆ ಎಂಟು ಮಾಡಿಸಬೇಕು ಅಂದ್ರು. ಇದು ಮೋಸ ಅಲ್ವಾ? ನೀವು ಹಳೇ ಕಥೆ ಎಲ್ಲ ಬರೀತೀರಲ್ಲ, ಇದನ್ನೂ ಬರೀರಿ."

ನಾನು ದಂತವೈದ್ಯ ಅಲ್ಲ. ಕೆರೆ, ಕೋಟೆ, ವೀರಗಲ್ಲು ಅಂತ ಬೈಕಿನಲ್ಲಿ ತಿರುಗೋ ಮನುಷ್ಯ. ಆದರೆ ಹುಡುಕಿ ಓದ್ತಾ ಹೋದಂಗೆಲ್ಲ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಹುಡುಗಿ ಬಿಲ್ಲಿನಲ್ಲಿರೋ "ಎಂಟು" ಅವಳು ಮೂರು ವರ್ಷದ ಕೂಸಾಗಿದ್ದಾಗಲೇ ಹೆಚ್ಚುಕಡಿಮೆ ತೀರ್ಮಾನ ಆಗಿಬಿಟ್ಟಿತ್ತು.

(2/9)
ಮೊದಲು ವೆನೀರ್ ಅಂದ್ರೆ ಏನು? ಹಲ್ಲಿನ ಎದುರಿನ ಮುಖಕ್ಕೆ ಮಾತ್ರ ಅಂಟಿಸೋ, ಅರ್ಧ ಮಿಲಿಮೀಟರ್ ಆಸುಪಾಸು ದಪ್ಪದ ಹೊದಿಕೆ. ಹೆಚ್ಚಾಗಿ ಪಿಂಗಾಣಿದು. ಕ್ಯಾಪ್ ಆದ್ರೆ ಹಲ್ಲಿನ ಸುತ್ತಲೂ ಕೂರುತ್ತೆ, ಇದು ಹಾಗಲ್ಲ. ಉಗುರಿಗೆ ಅಂಟಿಸೋ ನಕಲಿ ಉಗುರನ್ನ ನೆನೆಸಿಕೊಳ್ಳಿ, ಸರಿಹೋಗುತ್ತೆ.

ಇದು ಶುರುವಾಗಿದ್ದು ಹಾಲಿವುಡ್ಡಿನಲ್ಲಿ. 1928ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಅನ್ನೋ ದಂತವೈದ್ಯರು ಸಿನಿಮಾ ನಟನಟಿಯರಿಗೆ ತೆಳುವಾದ ಮುಖವಾಡದ ಹಲ್ಲು ಮಾಡಿಕೊಡ್ತಿದ್ರು. ಕಟ್ಟುಹಲ್ಲಿಗೆ ಹಾಕೋ ಅಂಟಿನ ಪುಡಿಯಲ್ಲೇ ಅದನ್ನ ಅಂಟಿಸೋದು, ಶೂಟಿಂಗ್ ಮುಗಿದ ಮೇಲೆ ತೆಗೆದಿಡೋದು. ಬಾಲನಟಿ ಶರ್ಲಿ ಟೆಂಪಲ್‌ಗೆ ಹಾಲುಹಲ್ಲು ಬಿದ್ದ ಜಾಗ ಕ್ಯಾಮೆರಾದಲ್ಲಿ ಕಾಣಬಾರದು ಅಂತ ಮಾಡಿಕೊಟ್ಟವರೂ ಇವರೇ. ಆಗ ಎಷ್ಟು ಹಲ್ಲಿಗೆ ಬೇಕು ಅನ್ನೋದನ್ನ ಕ್ಯಾಮೆರಾ ಹೇಳ್ತಿತ್ತು. ಕ್ಲೋಸಪ್ಪಿನಲ್ಲಿ ಎಷ್ಟು ಕಾಣುತ್ತೋ ಅಷ್ಟು.

ಶಾಶ್ವತವಾಗಿ ಅಂಟಿಸೋ ವಿದ್ಯೆ ಬರೋಕೆ ಇನ್ನೂ ಐವತ್ತು ವರ್ಷ ಬೇಕಾಯ್ತು. 1955ರಲ್ಲಿ ಮೈಕೆಲ್ ಬುವೊನೊಕೋರ್ ಎನಾಮಲ್ ಮೇಲೆ ಸ್ವಲ್ಪ ಆಸಿಡ್ ಹಚ್ಚಿದ್ರೆ ಅದು ತರಿತರಿಯಾಗಿ ಅಂಟು ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ ಅಂತ ತೋರಿಸಿದ್ರು. 1980ರ ದಶಕದ ಶುರುವಿನಲ್ಲಿ ಪಿಂಗಾಣಿಯ ಒಳಮೈಯನ್ನೂ ಹಾಗೇ ತರಿ ಮಾಡಿ ಅಂಟಿಸೋ ವಿಧಾನ ಬಂತು. ಇವತ್ತು ನಿಮ್ಮೂರಿನ ಕ್ಲಿನಿಕ್ ಬೋರ್ಡಿನಲ್ಲಿ ಕಾಣೋ "ವೆನೀರ್ಸ್" ಅಲ್ಲಿಂದ ಬಂದಿದ್ದು.

(3/9)
ಈಗ ಕಂದುಬಣ್ಣದ ಕಥೆ. ಇದೂ ಅಮೆರಿಕದಿಂದಲೇ ಶುರು.

1901ರಲ್ಲಿ ಫ್ರೆಡರಿಕ್ ಮೆಕೇ ಅನ್ನೋ ಯುವ ದಂತವೈದ್ಯ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದವರ ಹಲ್ಲಿನ ಮೇಲೆಲ್ಲ ಕಂದು ಕಲೆ. ಹೊರಗಿಂದ ದೊಡ್ಡವರಾಗಿ ಬಂದವರಿಗೆ ಮಾತ್ರ ಏನೂ ಇಲ್ಲ. ಮೂವತ್ತು ವರ್ಷ ಇದರ ಹಿಂದೆ ಬಿದ್ದಿದ್ರು ಮನುಷ್ಯ. 1923ರಲ್ಲಿ ಐಡಾಹೋದ ಓಕ್ಲಿ ಅನ್ನೋ ಸಣ್ಣ ಊರಿನ ತಾಯಂದಿರು ಅವರಿಗೆ ಹೇಳಿದ್ದು ಇಷ್ಟು: ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪ್ ಹಾಕಿದ ಮೇಲೇ ನಮ್ಮ ಮಕ್ಕಳ ಹಲ್ಲು ಹಿಂಗಾಗಿದ್ದು. ಮೆಕೇ ಆ ಪೈಪ್ ಬಿಟ್ಟು ಬೇರೆ ನೀರು ಕುಡೀರಿ ಅಂದ್ರು. ಊರಿನವರು ಕೇಳಿದ್ರು. ಕೆಲವೇ ವರ್ಷದಲ್ಲಿ ಚಿಕ್ಕ ಮಕ್ಕಳಿಗೆ ಹೊಸದಾಗಿ ಹುಟ್ಟಿದ ಹಲ್ಲು ಬೆಳ್ಳಗೆ ಬಂತು. ನೀರಿನಲ್ಲಿರೋದು ಏನು ಅಂತ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ ನೋಡ್ರಿ! ಅದು ಫ್ಲೋರೈಡ್ ಅಂತ 1931ರಲ್ಲಿ ಕಂಡುಹಿಡಿದದ್ದು ಚರ್ಚಿಲ್ ಅನ್ನೋ ರಸಾಯನಶಾಸ್ತ್ರಜ್ಞ. (ಆ ಚರ್ಚಿಲ್ ಅಲ್ಲ. ಇವರು ಅಲ್ಯೂಮಿನಿಯಂ ಕಂಪನಿಯ ಲ್ಯಾಬಿನವರು.)

ನಮ್ಮ ದೇಶದಲ್ಲಿ ಈ ವಿಷಯ ಪುಸ್ತಕಕ್ಕೆ ಬಂದಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಶಾರ್ಟ್ ಮತ್ತು ಜೊತೆಗಾರರು ಅಲ್ಲಿ ಹಲ್ಲಷ್ಟೇ ಅಲ್ಲ, ಬೆನ್ನುಮೂಳೆ, ಕೀಲು ಎಲ್ಲ ಬಿಗಿದುಕೊಂಡ ಜನರನ್ನ ಕಂಡು ವರದಿ ಬರೆದ್ರು. ಅಂದ್ರೆ ಹಲ್ಲಿನ ಕಲೆ ಬರೀ ಅಂದಚೆಂದದ ವಿಷಯ ಅಲ್ಲ, ನೀರು ಕೊಡೋ ಮೊದಲ ಎಚ್ಚರಿಕೆ ಅದು. ಇದನ್ನ ಮರೀಬೇಡಿ.

(4/9)
ಈ ಸ್ಲೈಡಿನ ಫೋಟೋ ನಿಮಗೆಲ್ಲ ಗೊತ್ತಿರೋದೇ: ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಶಾಂತಿಸಾಗರ. ಶಾಂತವ್ವನ ಕಥೆ ಇನ್ನೊಮ್ಮೆ ಬರೀತೀನಿ.

ನಕ್ಷೆ ತೆಗೆದು ನೋಡಿ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಬಂದಿದ್ದು ಶಿವಮೊಗ್ಗದಿಂದ, ಜಗಳೂರು ಬಂದಿದ್ದು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯ್ತು. ಆಡಳಿತ ಒಂದಾಯ್ತು, ನೀರು ಒಂದಾಗಲಿಲ್ಲ. ಹೊನ್ನಾಳಿ ಅಂದ್ರೆ ತುಂಗಭದ್ರೆಯ ದಡ. ಚನ್ನಗಿರಿಗೆ ಕೆರೆ ಇದೆ, ಭದ್ರಾ ಕಾಲುವೆ ಇದೆ, ಅಡಿಕೆ ತೋಟ ಇದೆ. ನ್ಯಾಮತಿ ಮಲೆನಾಡಿನ ಸೆರಗಿಗೆ ಹತ್ತಿರ. ಜಗಳೂರು ಮಾತ್ರ ಬಯಲುಸೀಮೆ, ಕೊಂಡುಕುರಿ ಓಡಾಡೋ ಕುರುಚಲು ಕಾಡಿನ ಸೀಮೆ. ಅಲ್ಲಿ ವರ್ಷವಿಡೀ ಹರಿಯೋ ಹೊಳೆ ಇಲ್ಲ, ಮಳೆ ಕಡಿಮೆ, ಕೆಳಗೆ ಗಟ್ಟಿ ಬಂಡೆ.

ಈ ಬಂಡೆಯಲ್ಲೇ ಇರೋದು ಫ್ಲೋರೈಡ್. ಮಳೆ ಕಡಿಮೆ ಇದ್ದಲ್ಲಿ ನೀರು ಆಳದ ಬಿರುಕಿನಲ್ಲಿ ಬಹಳ ಕಾಲ ನಿಂತಿರುತ್ತೆ, ಬಂಡೆಯನ್ನ ನಿಧಾನಕ್ಕೆ ಕರಗಿಸಿಕೊಳ್ಳುತ್ತೆ. ಕುಡಿಯೋ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿಗೆ, ಬೇರೆ ದಾರಿ ಇಲ್ಲದಿದ್ರೆ 1.5ರವರೆಗೆ. ಜಗಳೂರು ತಾಲ್ಲೂಕಿನ ಹಲವು ಹಳ್ಳಿಗಳ ಬೋರ್ ನೀರು ಇದನ್ನ ದಾಟಿದ್ದು ಹೊಸ ಸುದ್ದಿಯೇನಲ್ಲ. ಹಂಗಂತ ಉಳಿದ ಮೂರು ತಾಲ್ಲೂಕಿನವರು ಬೀಗೋದು ಬೇಡ. ಹೊಳೆಯಿಂದ, ಕಾಲುವೆಯಿಂದ ದೂರ ಇರೋ ಊರುಗಳಲ್ಲಿ ಅಲ್ಲೂ ಬೋರೇ ಗತಿ. ಪರೀಕ್ಷೆ ಮಾಡಿಸದೆ ಹೇಳೋಕಾಗಲ್ಲ.

(5/9)
ಇಲ್ಲಿ ಒಂದು ಮಾತು ಹೇಳಲೇಬೇಕು. ಕೈಪಂಪನ್ನ ಬೈಯ್ಯೋದು ಸುಲಭ. ಆದರೆ ಅದು ಬರೋಕೆ ಮುಂಚೆ ಜನ ಏನು ಕುಡೀತಿದ್ರು? ಮೆಟ್ಟಿಲುಬಾವಿ, ಕಟ್ಟೆ, ಹಳ್ಳದ ಒರತೆ. ಕಾಲರಾ ಬರ್ತಿತ್ತು. ನಾರುಹುಣ್ಣು ಬರ್ತಿತ್ತು. ಕಾಲಿನ ಹುಣ್ಣಿನಿಂದ ದಾರದಂಥ ಹುಳ ಹೊರಗೆ ಬರೋದನ್ನ ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೀತಿದ್ರು ಅಂತ ನಿಮ್ಮ ಮನೆ ಹಿರಿಯರನ್ನ ಕೇಳಿ, ಹೇಳ್ತಾರೆ. ಕರ್ನಾಟಕವೂ ಆ ರೋಗದ ರಾಜ್ಯಗಳಲ್ಲಿ ಒಂದು. 1970ರ ದಶಕದಲ್ಲಿ ಯುನಿಸೆಫ್ ನೆರವಿನಲ್ಲಿ ರೂಪಗೊಂಡ ಇಂಡಿಯಾ ಮಾರ್ಕ್-2 ಕೈಪಂಪು ಹಳ್ಳಿಹಳ್ಳಿಗೆ ಬಂದದ್ದೂ ದೇಶದಿಂದ ನಾರುಹುಣ್ಣು ಹೋಗೋಕೆ ಒಂದು ಕಾರಣ. 1996ರಲ್ಲಿ ಕೊನೇ ರೋಗಿ ಸಿಕ್ಕಿದ್ದು, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಪ್ರಮಾಣಪತ್ರ ಕೊಟ್ಟಿದ್ದು.

ಅಂದ್ರೆ ಪಂಪು ಹಾಕಿದವರು ಒಳ್ಳೇದನ್ನೇ ಮಾಡಿದ್ರು. ಆ ನೀರಿನಲ್ಲಿ ಹುಳ ಇರಲಿಲ್ಲ. ಕಣ್ಣಿಗೆ ತಿಳಿಯಾಗಿತ್ತು, ನಾಲಿಗೆಗೂ ಏನೂ ಗೊತ್ತಾಗ್ತಿರಲಿಲ್ಲ. ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದ್ರೂ ಹೋಗಲ್ಲ. ಕುದಿಸಿದಷ್ಟೂ ನೀರು ಇಂಗಿ ಅದೇ ಹೆಚ್ಚಾಗುತ್ತೆ. ಬರಗಾಲ ಬಂದಂಗೆ ಬೋರ್ ಆಳಕ್ಕೆ ಹೋದ್ವು, ಆಳಕ್ಕೆ ಹೋದಂಗೆ ಹಳೇ ನೀರು ಮೇಲೆ ಬಂತು. ಊರಿನ ಶಾಲೆಯ ಗ್ರೂಪ್ ಫೋಟೋಗಳಲ್ಲಿ ಮಕ್ಕಳು ಬಾಯಿ ಮುಚ್ಚಿಕೊಂಡು ನಗೋದು ಶುರುವಾಯ್ತು.

(6/9)
ಈಗ ಎಂಟಕ್ಕೆ ಬರೋಣ. ಈ ಸ್ಲೈಡ್ ಗಮನ ಕೊಟ್ಟು ಓದಿ, ಇದೇ ಮುಖ್ಯ.

ಶಾಶ್ವತ ಹಲ್ಲು ಬಾಯಲ್ಲಿ ಕಾಣೋಕೆ ಎಷ್ಟೋ ವರ್ಷ ಮೊದಲೇ ದವಡೆಯೊಳಗೆ ತಯಾರಾಗ್ತಿರುತ್ತೆ. ಮೇಲಿನ ಮುಂಬಾಚಿ ಹಲ್ಲಿನ ಎನಾಮಲ್ ಸುಮಾರು ನಾಲ್ಕೈದು ವರ್ಷಕ್ಕೆ ಮುಗಿಯುತ್ತೆ. ಕೋರೆಹಲ್ಲಿನದು ಆರೇಳು ವರ್ಷಕ್ಕೆ. ಅದರ ಪಕ್ಕದ ಚಿಕ್ಕ ದವಡೆಹಲ್ಲುಗಳದ್ದು ಐದರಿಂದ ಏಳರೊಳಗೆ. ಎಂಟು ವರ್ಷ ಆಗೋ ಹೊತ್ತಿಗೆ, ಬುದ್ಧಿಹಲ್ಲು ಬಿಟ್ಟು, ಕೆಲಸ ಬಹುಪಾಲು ಮುಗಿದಿರುತ್ತೆ. ಈ ಅವಧಿಯಲ್ಲಿ ಫ್ಲೋರೈಡ್ ಜಾಸ್ತಿ ಹೋದ್ರೆ ಎನಾಮಲ್ ಸರಿಯಾಗಿ ಗಟ್ಟಿಯಾಗದೆ ಒಳಗೊಳಗೇ ರಂಧ್ರ ಉಳಿಯುತ್ತೆ. ಹಲ್ಲು ಸುಣ್ಣದಂಗೆ ಬೆಳ್ಳಗೆ ಹುಟ್ಟುತ್ತೆ, ಆಮೇಲೆ ಬಣ್ಣ ಹೀರಿ ಕಂದಾಗುತ್ತೆ. ಎಂಟು ವರ್ಷ ದಾಟಿದ ಮೇಲೆ ಅದೇ ನೀರು ಕುಡಿದ್ರೆ ಮೂಳೆಗೆ ತೊಂದರೆ ಆಗಬಹುದು, ಆದರೆ ಹಲ್ಲಿನಲ್ಲಿ ಹೊಸ ಕಲೆ ಬರಲ್ಲ. ಕೊಲರಾಡೋಗೆ ದೊಡ್ಡವರಾಗಿ ಬಂದವರ ಹಲ್ಲು ಚೆನ್ನಾಗಿದ್ದದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಅಂದ್ರೆ ಬಾಯಿ ಒಂದು ದಿನಚರಿ ಇದ್ದಂಗೆ. ನಿಮಗೆ ಐದು ವರ್ಷ ಇದ್ದಾಗ ಊರಿಗೆ ಹೊಸ ಬೋರ್ ಬಿದ್ದಿದ್ರೆ ಮುಂದಿನ ಬಾಚಿಹಲ್ಲು ಚೆನ್ನಾಗಿದ್ದು ಕೋರೆ, ಚಿಕ್ಕ ದವಡೆಹಲ್ಲಲ್ಲಿ ಕಲೆ ಇರಬಹುದು. ಮೊದಲ ನಾಲ್ಕು ವರ್ಷ ಬೋರ್ ನೀರು ಕುಡಿದು ಆಮೇಲೆ ಅಪ್ಪ ಹೊನ್ನಾಳಿಗೆ ವರ್ಗವಾಗಿ ಹೊಳೆ ನೀರು ಸಿಕ್ಕಿದ್ರೆ ಮುಂದಿನ ನಾಲ್ಕರಲ್ಲಿ ಕಲೆ ಹೆಚ್ಚಿದ್ದು ಹಿಂದಿನವು ಪರವಾಗಿಲ್ಲ ಅನ್ನೋಹಂಗೆ ಇರಬಹುದು. ಇನ್ನೊಂದು ಗುರುತು, ಇದು ಜೋಡಿಜೋಡಿಯಾಗೇ ಬರುತ್ತೆ. ಬಲಗಡೆ ಹಲ್ಲು ಯಾವಾಗ ತಯಾರಾಯ್ತೋ ಎಡಗಡೆ ಅದರ ಜೋಡಿಯೂ ಆಗಲೇ ತಯಾರಾಗಿರುತ್ತೆ. ಬೈಕಿನಿಂದ ಬಿದ್ದು ಚೂರಾದ ಹಲ್ಲು ಒಂದೇ ಇರಬಹುದು. ನೀರು ಕೆಡಿಸಿದ ಹಲ್ಲು ಸಾಮಾನ್ಯವಾಗಿ ಒಂಟಿ ಇರಲ್ಲ. ಎಣಿಕೆ ಎರಡು, ನಾಲ್ಕು, ಆರು, ಎಂಟು, ಹತ್ತು ಅಂತಲೇ ಹೋಗುತ್ತೆ.

ಅದಕ್ಕೇ ಆ ತಂಗಿಗೆ ಡಾಕ್ಟ್ರು ಎಂಟು ಅಂದಿದ್ದು. ಹುಟ್ಟಿದಾಗಿಂದ ಒಂದೇ ಬೋರ್ ನೀರು ಕುಡಿದವಳು, ನಕ್ಕಾಗ ಮೇಲಿನ ಎಂಟು ಹಲ್ಲು ಕಾಣುತ್ತೆ. ಎರಡನ್ನ ಮಾತ್ರ ಬಿಳಿ ಮಾಡಿದ್ರೆ ಪಕ್ಕದ ಕಂದು ಇನ್ನೂ ಎದ್ದು ಕಾಣುತ್ತೆ.

(7/9)
ಬಿಲ್ಲಿನ ಗಣಿತ. ಲೆಕ್ಕ ಸುಲಭ ಆಗಲಿ ಅಂತ ಪಿಂಗಾಣಿ ವೆನೀರ್ ಒಂದಕ್ಕೆ 10,000 ರೂಪಾಯಿ ಅಂತಿಟ್ಟುಕೊಳ್ಳಿ. ಇದು ಯಾವ ಕ್ಲಿನಿಕ್ಕಿನ ರೇಟೂ ಅಲ್ಲ. ಆಗ ಎರಡಕ್ಕೆ 20,000, ಆರಕ್ಕೆ 60,000, ಎಂಟಕ್ಕೆ 80,000, ಹತ್ತಕ್ಕೆ ಒಂದು ಲಕ್ಷ. ಬಟ್ಟೆ ಅಂಗಡಿಯಲ್ಲಿ ಜಾಸ್ತಿ ತಗೊಂಡ್ರೆ ಕಡಿಮೆ ಆಗುತ್ತಲ್ಲ, ಇಲ್ಲಿ ಯಾಕೆ ಆಗಲ್ಲ ಅಂದ್ರೆ ಒಂದೊಂದು ಹೊದಿಕೆಯನ್ನೂ ಲ್ಯಾಬಿನಲ್ಲಿ ಬೇರೆಬೇರೆಯಾಗೇ ಮಾಡಬೇಕು. ಲ್ಯಾಬು ಡಾಕ್ಟರಿಗೆ ಬಿಲ್ ಹಾಕೋದು ಹಲ್ಲಿನ ಲೆಕ್ಕದಲ್ಲೇ. ಉಜ್ಜೋದು, ಅಂಟಿಸೋದು, ಕಚ್ಚಿಸಿ ನೋಡಿ ಸರಿಮಾಡೋದು ಎಲ್ಲ ಹಲ್ಲುಹಲ್ಲಿಗೂ.

ಆದರೆ ಹಲ್ಲಿನ ಸಂಖ್ಯೆ ಜೊತೆ ಏರದ ಖರ್ಚೂ ಇದೆ. ತಪಾಸಣೆ, ಎಕ್ಸ್‌ರೇ, ಹಲ್ಲು ಕ್ಲೀನಿಂಗ್, ಅಚ್ಚು ತೆಗೆಯೋದು, ಮೇಣದಲ್ಲಿ ಮಾದರಿ ಮಾಡಿ ತೋರಿಸೋದು ಇವೆಲ್ಲ ಎರಡು ಹಲ್ಲಿಗೂ ಹೆಚ್ಚುಕಡಿಮೆ ಅಷ್ಟೇ, ಎಂಟಕ್ಕೂ ಅಷ್ಟೇ. ಜಗಳೂರಿಂದ ದಾವಣಗೆರೆಗೆ ಬಸ್ ಚಾರ್ಜು, ಅವತ್ತಿನ ಕೂಲಿ ಕಳಕೊಳ್ಳೋದೂ ಹಂಗೇ. ನ್ಯಾಮತಿಯವರಿಗೆ ಶಿವಮೊಗ್ಗ ಹತ್ತಿರ, ಅವರು ಅಲ್ಲೇ ಹೋಗ್ತಾರೆ. ಹಾಗಾಗಿ ಆರಕ್ಕಿಂತ ಮೇಲೆ ಮಾಡಿಸುವಾಗ "ಹಲ್ಲಿಗೆ ಸ್ವಲ್ಪ ಕಮ್ಮಿ ಮಾಡ್ಕೊಳ್ರಿ" ಅಂತ ಕೇಳೋದರಲ್ಲಿ ತಪ್ಪಿಲ್ಲ. ಅದು ಚೌಕಾಸಿ ಅಲ್ಲ, ನ್ಯಾಯವಾದ ಲೆಕ್ಕವೇ.

ಇದರ ತಿರುವುಮುರುವೂ ನಿಜ. ಒಂದೇ ಹಲ್ಲು ಮಾಡಿಸೋದು ಅಗ್ಗ ಅಂದ್ಕೊಂಡಿರ್ತೀರಿ. ಒಟ್ಟು ಮೊತ್ತ ಕಡಿಮೆ, ಹೌದು. ಆದರೆ ಪಕ್ಕದ ನೈಸರ್ಗಿಕ ಹಲ್ಲಿನ ಬಣ್ಣಕ್ಕೆ, ಮಿಂಚಿಗೆ ಒಂದೇ ಹೊದಿಕೆಯನ್ನ ಹೊಂದಿಸೋದು ಎಲ್ಲಕ್ಕಿಂತ ಕಷ್ಟದ ಕೆಲಸ. ಸರಿಹೋಗದೆ ಲ್ಯಾಬಿಗೆ ವಾಪಸ್ ಕಳಿಸಬೇಕಾಗಬಹುದು. ಕೆಲವರು ಒಂಟಿ ಹಲ್ಲಿಗೆ ಜಾಸ್ತಿ ರೇಟು ಹೇಳೋದು ಅದಕ್ಕೇ.

(8/9)
ಹಂಗಾದ್ರೆ ಎಂಟು ಅಂದ್ರೆ ಎಂಟೇನಾ? ಅಲ್ಲ. ಇಲ್ಲೇ ನೀವು ಬಾಯಿ ಬಿಟ್ಟು ಕೇಳಬೇಕಾಗಿರೋದು.

ಮೊದಲು, ಆ ಕಲೆ ನಿಜವಾಗಿಯೂ ನೀರಿನದೇನಾ? ಚನ್ನಗಿರಿ ಸೀಮೆಯ ಅಡಿಕೆ, ಎಲೆ, ಸುಣ್ಣದ ಕೆಂಪು ಮೇಲ್ಮೈಯದು. ಟೀ, ಗುಟ್ಕಾ ಕಲೆಯೂ ಬಹುಪಾಲು ಮೇಲಿನದೇ. ಕ್ಲೀನಿಂಗ್‌ನಲ್ಲೇ ಹೋಗೋದಕ್ಕೆ ಪಿಂಗಾಣಿ ಅಂಟಿಸೋದು ಗೋಡೆ ಧೂಳಾಗಿದೆ ಅಂತ ಗೋಡೆಯನ್ನೇ ಕೆಡವಿದಂಗೆ.

ಆಮೇಲೆ, ನೀರಿನ ಕಲೆಯಲ್ಲೂ ತರತಮ ಇದೆ. ಅಮೆರಿಕದ ಟ್ರೆಂಡ್ಲಿ ಡೀನ್ 1930ರ ದಶಕದಲ್ಲೇ ಇದನ್ನ ಅನುಮಾನದ ಹಂತದಿಂದ ತೀವ್ರದವರೆಗೆ ದರ್ಜೆ ಮಾಡಿಟ್ಟಿದ್ದಾರೆ. ಬಿಳಿ ಮಚ್ಚೆ, ತೆಳು ಕಂದು ಇದ್ರೆ ಆಸಿಡ್ ಬೆರೆಸಿದ ನುಣ್ಣನೆ ಪುಡಿಯಿಂದ ಕೂದಲೆಳೆಯಷ್ಟು ಎನಾಮಲ್ ಉಜ್ಜಿ ತೆಗೆಯೋ ವಿಧಾನ ಇದೆ. ಬ್ಲೀಚಿಂಗ್ ಇದೆ. ರಂಧ್ರದೊಳಗೆ ರೆಸಿನ್ ಇಳಿಸಿ ಮಚ್ಚೆ ಮರೆಮಾಡೋದೂ ಇದೆ. ಇವನ್ನ ಮೊದಲು ಮಾಡಿದ್ರೆ ಎಂಟರಲ್ಲಿ ನಾಲ್ಕು ಹಲ್ಲು ಅಷ್ಟಕ್ಕೇ ಸಾಕಾಗಿ, ತೀರಾ ಗುಳಿಬಿದ್ದ ನಾಲ್ಕಕ್ಕೆ ಮಾತ್ರ ವೆನೀರ್ ಬೇಕಾಗಬಹುದು. ನನ್ನ ಲೆಕ್ಕದ ರೇಟಿನಲ್ಲಿ 80,000 ಇದ್ದದ್ದು 40,000 ಮತ್ತು ಬ್ಲೀಚಿಂಗ್ ಖರ್ಚಿಗೆ ಇಳಿಯುತ್ತೆ. ಕಾಂಪೋಸಿಟ್ ಅನ್ನೋ ಹಲ್ಲಿನ ಬಣ್ಣದ ಸಿಮೆಂಟಿನಲ್ಲಿ ಅಲ್ಲೇ ಕೂರಿಸಿ ಮಾಡೋ ಹೊದಿಕೆ ಇನ್ನೂ ಅಗ್ಗ, ಆದರೆ ಬಾಳಿಕೆ ಕಡಿಮೆ, ಬಣ್ಣವೂ ಹಿಡಿಯುತ್ತೆ. ಕಲೆ ಹೆಚ್ಚಿರೋ ಎನಾಮಲ್‌ಗೆ ಅಂಟು ಅಷ್ಟು ಸುಲಭಕ್ಕೆ ಕಚ್ಚಲ್ಲ, ಆಸಿಡ್ ಹೆಚ್ಚು ಹೊತ್ತು ಹಚ್ಚಬೇಕಾಗುತ್ತೆ. ಇಂಥ ಹಲ್ಲು ಮಾಡಿ ಅನುಭವ ಇರೋರ ಹತ್ರವೇ ಹೋಗಿ.

ನಮ್ಮ ಪುಣ್ಯಕ್ಕೆ ಅನುಭವ ಇರೋರು ದೂರ ಇಲ್ಲ. ದಾವಣಗೆರೆಯಲ್ಲಿ ಬಾಪೂಜಿ ಡೆಂಟಲ್ ಕಾಲೇಜು ಶುರುವಾಗಿದ್ದು 1979ರಲ್ಲಿ, ಆಮೇಲೆ ಇನ್ನೊಂದು ಕಾಲೇಜೂ ಬಂತು. ಕಾಲೇಜು ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಣೆದುರು ಕೆಲಸ ಮಾಡ್ತಾರೆ. ಖರ್ಚು ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್ಕಿಗಿಂತ ಕಡಿಮೆ, ಸಮಯ ಜಾಸ್ತಿ ಹಿಡಿಯುತ್ತೆ.

(9/9)
ಆ ತಂಗಿಗೆ ನಾನು ಬರೆದ ಉತ್ತರ: ಎಂಟು ಅಂದಿದ್ದು ಮೋಸ ಅಲ್ಲ, ಆದರೆ ಅವರು ಎಂಟು ಯಾಕೆ ಅಂತ ವಿವರಿಸದೇ ಇದ್ದದ್ದು ಸರಿಯಲ್ಲ. ಕನ್ನಡಿ ಹಿಡಿದು ಒಂದೊಂದು ಹಲ್ಲನ್ನೂ ತೋರಿಸಿ ಇದಕ್ಕೆ ಯಾಕೆ, ಅದಕ್ಕೆ ಯಾಕೆ ಅಂತ ಕೇಳು. ಮದುವೆ ತಾರೀಖು ಇಟ್ಟುಕೊಂಡು ಅವಸರ ಮಾಡಬೇಡ. ವೆನೀರಿಗೆ ಅಂತ ಒಮ್ಮೆ ಉಜ್ಜಿದ ಎನಾಮಲ್ ಮತ್ತೆ ಹುಟ್ಟಲ್ಲ. ಪಿಂಗಾಣಿ ಚೆನ್ನಾಗಿ ಬಂದ್ರೆ ಹತ್ತು ಹದಿನೈದು ವರ್ಷ, ಆಮೇಲೆ ಬದಲಾಯಿಸಬೇಕು. ನಿನಗೀಗ 24. ಹನ್ನೆರಡು ವರ್ಷಕ್ಕೊಮ್ಮೆ ಅಂದ್ರೂ 36, 48, 60ಕ್ಕೆ ಮತ್ತೆ. ಎಂಟು ಹಲ್ಲು, ನಾಲ್ಕು ಸಲ. ಮೂವತ್ತೆರಡು ವೆನೀರಿನ ಬಿಲ್ಲು, ಅದೂ ಅವತ್ತಿನ ರೇಟಿಗೆ. ಅಂದಕ್ಕೆ ಅಂತ ಮಾಡಿಸೋದನ್ನ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡಲ್ಲ. ಅದಕ್ಕೇ ಒಂದು ಹಲ್ಲು ಕಡಿಮೆಯಾದ್ರೂ ಅದು ಜೀವನಪೂರ್ತಿ ಉಳಿತಾಯ.

ಅವಳು ಇನ್ನೊಬ್ಬ ಡಾಕ್ಟರನ್ನ ಕಂಡಳು. ಮೊದಲು ಉಜ್ಜಿ ಬ್ಲೀಚ್ ಮಾಡಿ ನೋಡೋಣ, ಆಮೇಲೆ ನಾಲ್ಕು ಸಾಕಾಗಬಹುದು ಅಂದ್ರಂತೆ. ಮದುವೆಗೆ ಮೊದಲು ಬ್ಲೀಚ್ ಅಷ್ಟೇ, ನಾಲ್ಕರ ವಿಷಯ ಮಾಗಿ ಕಳೆದ ಮೇಲೆ ಅಂತ ತೀರ್ಮಾನ ಮಾಡಿದ್ದಾಳೆ.

ಜಗಳೂರಿನ ನೀರೂ ಈಗ ಹಳೇದಲ್ಲ. ಸೂಳೆಕೆರೆ ನೀರು ಪೈಪಿನಲ್ಲಿ ಚಿತ್ರದುರ್ಗ, ಜಗಳೂರಿನಂಥ ಊರುಗಳಿಗೆ ಬಂತು. ಹಳ್ಳಿಗಳಲ್ಲಿ ನಾಣ್ಯ ಹಾಕಿ ಕೊಡ ತುಂಬೋ ಶುದ್ಧ ನೀರಿನ ಘಟಕ ಬಂದ್ವು, ಕೆಲವು ಕೆಟ್ಟು ನಿಂತಿವೆ, ಅದು ಬೇರೆ ಜಗಳ. ತುಂಗಭದ್ರೆಯಿಂದ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸೋ ಯೋಜನೆಯನ್ನ ನೀವೆಲ್ಲ ಕೇಳಿರ್ತೀರಿ. ಕೊನೇ ಫೋಟೋ ಆ ತಂಗಿಯೇ ಕಳಿಸಿದ್ದು, ಅವಳ ತಮ್ಮನ ಕೈಯಲ್ಲಿರೋ ಬಿಳಿ ಕ್ಯಾನಿನದು. ಮುಖ ಹಾಕಬೇಡಿ ಅಣ್ಣಾ ಅಂದಿದ್ದಕ್ಕೆ ಕ್ರಾಪ್ ಮಾಡಿದ್ದೀನಿ. ಐದನೇ ಕ್ಲಾಸು ಅವನು, ಹುಟ್ಟಿದಾಗಿಂದ ಘಟಕದ ನೀರೇ ಕುಡಿದಿದ್ದು. ಮೇಲಿನ ನಾಲ್ಕು ಬಾಚಿಹಲ್ಲೂ ದಾಳಿಂಬೆ ಬೀಜದಂಗೆ ಬಂದಿದಾವಂತೆ, ಕೋರೆಹಲ್ಲು ಇನ್ನೂ ಬರಬೇಕು.

ನಿಮ್ಮೂರಲ್ಲಿ ಮೊದಲ ಬೋರ್ ಕೊರೆದದ್ದು ಯಾವ ವರ್ಷ? ಆಗ ನಿಮಗೆಷ್ಟು ವಯಸ್ಸು? ಮನೇಲಿ ಕೇಳಿಕೊಂಡು ಕಮೆಂಟಲ್ಲಿ ಊರಿನ ಹೆಸರು ಸಮೇತ ಹಾಕಿ. ನೀರು ಪರೀಕ್ಷೆ ಮಾಡಿಸಿದ ಚೀಟಿ ಇದ್ರೆ ಅದರ ಫೋಟೋ ಕಳಿಸಿ, ನಾಲ್ಕೂ ತಾಲ್ಲೂಕಿನದು ಸೇರಿಸಿ ಒಂದು ನಕ್ಷೆ ಮಾಡ್ತೀನಿ.

#ಜಗಳೂರು #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಸೂಳೆಕೆರೆ #ನೀರಿನಕಥೆ